ಅಂಬಾಸಿಡರ್ ಎಂಜಿನ್, ಎಂ.ಜಿ. ಮೈಕಟ್ಟು

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರ ತಲೆಯಲ್ಲಿ ಮೊದಲು ಓಡುವುದು ಅಶ್ವಶಕ್ತಿಯ ಲೆಕ್ಕ. ಒಳಗಿರುವ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿದೆ, ಹೇಗೂ ಬೇರೆಯದನ್ನು ಕೂರಿಸಬೇಕು. ದುಡ್ಡು ಸುರಿಯುವುದೇ ಆದರೆ ಇನ್ನಷ್ಟು ಜೋರಾಗಿ ಎಳೆಯುವಂಥದ್ದನ್ನೇ ಕೂರಿಸಬಾರದೇಕೆ ಎಂಬ ಆಸೆ. ಇಂಥ ಆಸೆ ಹೊತ್ತು ಬೆಂಗಳೂರಿನ ದೊಮ್ಮಲೂರಿನ ಒಳರಸ್ತೆಯ ಗ್ಯಾರೇಜಿಗೆ ಬಂದವರಿಗೆ ಅಲ್ಲಿನ ಹಿರಿಯ ಮೆಕ್ಯಾನಿಕ್ ಹಾಕುವ ಪ್ರಶ್ನೆಯೇ ಬೇರೆ: ‘ಅದೆಲ್ಲ ಇರ್ಲಿ ಸಾರ್, ನಾಳೆ ವಾಟರ್ ಪಂಪ್ ಹೋದ್ರೆ ಎಲ್ಲಿಂದ ತರ್ತೀರಾ?’

ನಮ್ಮ ದೇಶದ ಹಳೇ ಕಾರುಗಳ ಅರ್ಧ ಚರಿತ್ರೆ ಈ ಪ್ರಶ್ನೆಯಲ್ಲೇ ಅಡಗಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಎಂಜಿನ್ ಬದಲಿಸಿದವರಲ್ಲಿ ಬಹಳ ಮಂದಿ ವೇಗದ ಹುಚ್ಚಿನವರು. ಇಲ್ಲಿ ಬದಲಿಸಿದವರಲ್ಲಿ ಬಹಳ ಮಂದಿ ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಸಿಗದೆ ಸೋತವರು. ಆಮದು ಪರವಾನಗಿಯ ಕಾಲದಲ್ಲಿ ವಿಲಾಯಿತಿ ಕಾರಿನ ಒಂದು ಸಣ್ಣ ಭಾಗ ತರಿಸುವುದೂ ತಿಂಗಳುಗಟ್ಟಲೆ ಕೆಲಸವಾಗಿತ್ತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ, ಕಲಾಸಿಪಾಳ್ಯದಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಯಾವುದು ಸಿಗುತ್ತದೋ ಅದೇ ಸರಿಯಾದ ಎಂಜಿನ್. ಬಡತನದ ಈ ರೂಢಿ ಎಂಜಿನ್ ಆರಿಸುವ ವಿದ್ಯೆಯ ತಿರುಳನ್ನೇ ಕಲಿಸಿಬಿಟ್ಟಿದೆ ಎಂಬುದು ನನ್ನ ವಾದ. ಹೇಗೆಂದು ನೋಡಲು 1489 ಎಂಬ ಒಂದು ಸಂಖ್ಯೆಯಿಂದ ಹೊರಡಬಹುದು.

ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸೀರೀಸ್’ ಬಳಗದ ಒಂದು ಎಂಜಿನ್ನಿನ ಸಾಮರ್ಥ್ಯ 1489 ಸಿಸಿ. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕು, ಅದೇ ಕಬ್ಬಿಣದ ಹೆಡ್ಡು, 73 ಮಿಲಿಮೀಟರ್ ಬೋರು, ಸುಮಾರು 89 ಮಿಲಿಮೀಟರ್ ಸ್ಟ್ರೋಕು. 1953ರಲ್ಲಿ ಎಂ.ಜಿ. ಮ್ಯಾಗ್ನೆಟ್ ಎಂಬ ಸಲೂನ್ ಕಾರಿಗೆ ಬಂದ ಈ ಎಂಜಿನ್ 1955ರಲ್ಲಿ ಎಂ.ಜಿ.ಎ. ಎಂಬ ತೆರೆದ ಸ್ಪೋರ್ಟ್ಸ್ ಕಾರಿಗೂ ಬಂತು. ಎಂ.ಜಿ.ಎ. ನೋಡಿದವರು ಅದರ ಮುಂದಿನ ಚಕ್ರದ ಮೇಲಿನ ಇಳಿಜಾರನ್ನು ಮರೆಯಲಾರರು. 1962ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು, ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದವು. ಇದೇ 1489 ಸಿಸಿ ಎಂಜಿನ್ ಮಾರಿಸ್ ಆಕ್ಸ್‌ಫರ್ಡಿನ ಒಳಗೂ ಇತ್ತು. ಆ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾಡಾಕ್ಕೆ ಬಂದು ಹಿಂದುಸ್ತಾನ್ ಅಂಬಾಸಿಡರ್ ಆಯಿತು. ಅಲ್ಲಿಗೆ ಕಲೆಕ್ಟರ್ ಸಾಹೇಬರ ಕಾರಿಗೂ ಕಾಲೇಜು ಹುಡುಗರು ಗೋಡೆಗೆ ಚಿತ್ರ ಅಂಟಿಸಿಕೊಳ್ಳುತ್ತಿದ್ದ ಕಾರಿಗೂ ಒಂದೇ ಎದೆ. ಒಬ್ಬರದು ಖಾದಿ, ಇನ್ನೊಬ್ಬರದು ಚರ್ಮದ ಜಾಕೆಟ್.

ಒಂದೇ ಎದೆ ಎಂದರೂ ಉಸಿರಾಟ ಬೇರೆ. ಎಂ.ಜಿ.ಎ.ಗೆ ಎರಡು ಎಸ್.ಯು. ಕಾರ್ಬುರೇಟರ್, ದೊಡ್ಡ ವಾಲ್ವು, ಚುರುಕಾದ ಕ್ಯಾಮ್ ಶಾಫ್ಟು, 8.3ರ ಕಂಪ್ರೆಷನ್. ಮೊದಲು 68, ಆಮೇಲೆ 72 ಅಶ್ವಶಕ್ತಿ. ಅಂಬಾಸಿಡರ್‌ಗೆ ಒಂದೇ ಕಾರ್ಬುರೇಟರ್, ನಮ್ಮ ಬಂಕುಗಳ ಅಂದಿನ ಕಳಪೆ ಪೆಟ್ರೋಲಿಗೆ ನಾಕಿಂಗ್ ಆಗದಿರಲೆಂದು ಇಳಿಸಿದ ಕಂಪ್ರೆಷನ್, ಐವತ್ತರ ಆಸುಪಾಸಿನ ಅಶ್ವಶಕ್ತಿ. ಆದರೂ ಬ್ಲಾಕು, ಕ್ರ್ಯಾಂಕು, ಬೇರಿಂಗುಗಳ ರೂಪರೇಷೆ ಒಂದೇ ಮನೆತನದ್ದು. ಹಾಗಾಗಿ ಎಂ.ಜಿ.ಎ.ಯ ಹೆಡ್ಡು, ಮ್ಯಾನಿಫೋಲ್ಡು, ಕಾರ್ಬುರೇಟರ್ ಜೋಡಿಯನ್ನು ಜೋಪಾನವಾಗಿ ಕಳಚಿ, ಗುಜರಿಯಿಂದ ತಂದ ಅಂಬಾಸಿಡರ್ ಬ್ಲಾಕಿಗೆ ಬೋರ್ ಹೊಡೆಸಿ ಅದರ ಮೇಲೆ ಕೂರಿಸಿದರೆ ಕಾರು ಮತ್ತೆ ಎಂ.ಜಿ.ಯಂತೆಯೇ ಓಡುತ್ತದೆ. ಕಳೆದುಹೋಗುವುದು ಒಂದು ಚಿಕ್ಕ ಸಂಗತಿ. ಎಂ.ಜಿ.ಎ.ಯಲ್ಲಿ ಟ್ಯಾಕೋಮೀಟರಿನ ಕೇಬಲ್ ಎಂಜಿನ್ ಬ್ಲಾಕಿನಿಂದಲೇ, ಕ್ಯಾಮ್ ಶಾಫ್ಟಿನ ತಿರುಗಾಟ ಹಿಡಿದು ಹೊರಡುತ್ತದೆ. ಅಂಬಾಸಿಡರ್‌ಗೆ ಟ್ಯಾಕೋಮೀಟರೇ ಬರುತ್ತಿರಲಿಲ್ಲ; ಅದರ ಬ್ಲಾಕಿನಲ್ಲಿ ಕೇಬಲ್ ಸಿಕ್ಕಿಸುವ ತೂತೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಟ್ಯಾಕೋ ಮುಳ್ಳು ಸೊನ್ನೆಯಲ್ಲೇ ಮಲಗಿರುವ ಎಂ.ಜಿ.ಎ. ಕಂಡರೆ ಬಾನೆಟ್ ಎತ್ತುವ ಮೊದಲೇ ಅನುಮಾನ ಪಡಬಹುದು.

ದೊಮ್ಮಲೂರಿನ ಆ ಗ್ಯಾರೇಜಿನಲ್ಲಿ ಎಸ್.ಯು. ಜೋಡಿಯನ್ನು ಹದಕ್ಕೆ ತರುವುದನ್ನು ನಿಂತು ನೋಡುವುದೇ ಒಂದು ಸುಖ. ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಆಮೇಲೆ ಮೆಕ್ಯಾನಿಕ್ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿಯುತ್ತಾರೆ. ಎರಡರ ‘ಹಿಸ್’ ಶಬ್ದವೂ ಒಂದೇ ಶ್ರುತಿಗೆ ಬರುವವರೆಗೆ ಥ್ರಾಟಲ್ ತಿರುಪು. ಅದಾದ ಮೇಲೆ ಕೆಳಗಿನ ಆರುಮೂಲೆ ನಟ್ಟು. ಅದನ್ನು ಒಂದೊಂದೇ ಮೂಲೆಯ ಲೆಕ್ಕದಲ್ಲಿ ತಿರುಗಿಸಿ, ಪಕ್ಕದ ಪುಟ್ಟ ಪಿನ್ನಿನಿಂದ ಒಳಗಿನ ಪಿಸ್ಟನ್ನನ್ನು ಒಂದು ಕೂದಲಿನಷ್ಟು ಎತ್ತಿ ಕಿವಿಗೊಡಬೇಕು. ಎಂಜಿನ್ ವೇಗ ಏರಿ ಏರಿಯೇ ನಿಂತರೆ ಪೆಟ್ರೋಲ್ ಜಾಸ್ತಿ. ಉಸಿರು ಕಟ್ಟಿದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನ ಲಯಕ್ಕೆ ಇಳಿದರೆ ಸರಿ. ‘ಮದ್ರಾಸಿನಲ್ಲಿ ಟ್ಯೂನ್ ಮಾಡ್ಸಿ ತಂದಿದ್ದೀರಾ ಸಾರ್, ಅದಕ್ಕೇ ಹೊಗೆ’ ಎಂದು ಅವರು ಒಂದು ಕಾರಿನ ಯಜಮಾನರಿಗೆ ಹೇಳಿದ್ದು ಬರಿಯ ತಮಾಷೆಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳು, ಪೆಟ್ರೋಲ್ ಮಾತ್ರ ಕರಾವಳಿಯ ಅಳತೆಯದ್ದು; ಮಿಶ್ರಣ ತಾನಾಗಿ ಗಟ್ಟಿಯಾಗುತ್ತದೆ. ನಟ್ಟು ತಿರುಗಿಸಿ ಮಿಶ್ರಣ ಸರಿಪಡಿಸಬಹುದು, ಗಾಳಿಯನ್ನು ತುಂಬಿಕೊಡಲಾಗದು. ಕ್ಯಾಟಲಾಗಿನಲ್ಲಿ 72 ಎಂದು ಬರೆದಿರುವ ಅಶ್ವಶಕ್ತಿಯಲ್ಲಿ ಹತ್ತನೇ ಒಂದು ಭಾಗ ಈ ಊರಿನಲ್ಲಿ ಹಾಗೆಯೇ ಕೈಬಿಡುತ್ತದೆ.

ಹಾಗಾದರೆ ದೊಡ್ಡ ಎಂಜಿನ್ ಹಾಕಿದರೆ ಆ ಕೊರತೆ ತುಂಬಬಹುದಲ್ಲ? ಎಂ.ಜಿ. ಕಂಪನಿಯವರೇ ಈ ಪರೀಕ್ಷೆಯನ್ನು ಎರಡು ಬಾರಿ ಬರೆದರು. ಒಮ್ಮೆ ಸೋತರು, ಒಮ್ಮೆ ಪಾಸಾದರು. ಎಂ.ಜಿ.ಎ. ಆದಮೇಲೆ ಬಂದ ಎಂ.ಜಿ.ಬಿ.ಯ ಒಳಗೆ 1798 ಸಿಸಿಯ ಬಿ-ಸೀರೀಸ್ ಇತ್ತು. 1967ರಲ್ಲಿ ಅದೇ ಮೈಕಟ್ಟಿಗೆ ಆರು ಸಿಲಿಂಡರಿನ, 2912 ಸಿಸಿಯ ಭಾರೀ ಎಂಜಿನ್ ತುರುಕಿ ಎಂ.ಜಿ.ಸಿ. ಎಂದು ಕರೆದರು. 145 ಅಶ್ವಶಕ್ತಿ ಬಂತು. ಜತೆಗೆ ಮೂಗಿನ ಮೇಲೆ ಸುಮಾರು 95 ಕಿಲೋ ಭಾರವೂ ಬಂತು. ಬಾನೆಟ್ಟಿನಲ್ಲಿ ಉಬ್ಬು ಬಂತು, ಮುಂದಿನ ಸಸ್ಪೆನ್ಷನ್ನನ್ನೇ ಬೇರೆ ಮಾಡಬೇಕಾಯಿತು. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂಗು ನೇರ ಹೋಗಲು ನೋಡುತ್ತದೆ ಎಂದು ಬರೆಯದ ಕಾರು ಪತ್ರಿಕೆ ಅಂದು ಇರಲಿಲ್ಲ ಎನ್ನಬಹುದು. 1969ಕ್ಕೆ ಅದು ನಿಂತೇ ಹೋಯಿತು.

ಎರಡನೆಯ ಪರೀಕ್ಷೆ ಶುರುವಾದದ್ದು ಕಾರ್ಖಾನೆಯ ಹೊರಗೆ. ಕೆನ್ ಕಾಸ್ಟೆಲೊ ಎಂಬ ಇಂಗ್ಲಿಷ್ ರೇಸಿಂಗ್ ಚಾಲಕ ತಮ್ಮ ಗ್ಯಾರೇಜಿನಲ್ಲಿ ಎಂ.ಜಿ.ಬಿ.ಗೆ ರೋವರ್ ಕಂಪನಿಯ 3528 ಸಿಸಿಯ ವಿ8 ಕೂರಿಸಿ ಮಾರತೊಡಗಿದರು. ಆ ವಿ8 ಅಮೆರಿಕದ ಬ್ಯೂಕ್‌ಗಾಗಿ ಹುಟ್ಟಿ, ಅಲ್ಲಿ ಬೇಡವಾಗಿ, ರೋವರ್ ಕೊಂಡುಕೊಂಡ ಅಲ್ಯುಮಿನಿಯಂ ಎಂಜಿನ್. ಎಂಟು ಸಿಲಿಂಡರ್ ಇದ್ದರೂ ಅದು ಎಂ.ಜಿ.ಬಿ.ಯ ನಾಲ್ಕು ಸಿಲಿಂಡರಿನ ಕಬ್ಬಿಣಕ್ಕಿಂತ ಸುಮಾರು 18 ಕಿಲೋ ಹಗುರ! ಕಂಪನಿಗೆ ಕಣ್ಣು ತೆರೆಯಿತು. ತಾನೇ ಎಂ.ಜಿ.ಬಿ. ಜಿಟಿ ವಿ8 ತಯಾರಿಸಿತು, 1976ರವರೆಗೆ 2591 ಕಾರುಗಳು ಹೊರಬಂದವು. ಎಂ.ಜಿ.ಸಿ.ಗಿಂತ ಎಂಜಿನ್ ದೊಡ್ಡದು, ಆದರೂ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತಿತ್ತು. ಎಂಜಿನ್ ಆರಿಸುವವರು ಸಿಸಿ ನೋಡುವ ಮೊದಲು ತಕ್ಕಡಿ ನೋಡಬೇಕು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತೂಕ ಸರಿಹೋದರೂ ಜಾಗ ಸಾಲದೇ ಹೋಗಬಹುದು. 1964ರ ಸನ್‌ಬೀಮ್ ಟೈಗರ್ ಇದೆಯಲ್ಲ, ಕ್ಯಾರೊಲ್ ಶೆಲ್ಬಿ ಕೈವಾಡದಿಂದ ಪುಟ್ಟ ಸನ್‌ಬೀಮ್ ಆಲ್ಪೈನ್‌ಗೆ ಫೋರ್ಡ್ ವಿ8 ಹೊಕ್ಕ ಕಾರು, ಅದರಲ್ಲಿ ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ ಕಡೆಯಿಂದ ಕೈ ಹೋಗುವುದೇ ಇಲ್ಲ. ಕಾರಿನ ಒಳಗೆ ಕೂತು, ಡ್ಯಾಶ್‌ಬೋರ್ಡಿನ ಕೆಳಗಿನ ತಗಡಿನಲ್ಲಿರುವ ರಬ್ಬರ್ ಮುಚ್ಚಳ ತೆಗೆದು, ಆ ತೂತಿನಿಂದ ಸ್ಪ್ಯಾನರ್ ತೂರಿಸಿ ಪ್ಲಗ್ ಬಿಚ್ಚಬೇಕು. ಬ್ಯಾಟರಿ ಡಿಕ್ಕಿಗೆ ಹೋಯಿತು. ಮುಂದೆ ಈ ಕಾರು ತಯಾರಿಸುತ್ತಿದ್ದ ಕಂಪನಿಯನ್ನು ಕ್ರೈಸ್ಲರ್ ಕೊಂಡಾಗ ಪ್ರತಿಸ್ಪರ್ಧಿ ಫೋರ್ಡಿನ ಎಂಜಿನ್ ಇಟ್ಟುಕೊಳ್ಳುವುದು ಮುಜುಗರವಾಯಿತು. ತನ್ನದೇ ವಿ8 ಹಾಕೋಣವೆಂದರೆ ಅದರ ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿತ್ತು, ತಗಡಿಗೆ ತಾಗುತ್ತಿತ್ತು. ಟೈಗರ್ ಕತೆ ಅಲ್ಲಿಗೆ ಮುಗಿಯಿತು. ಒಂದು ಅಂಗೈಯಗಲದ ಡಿಸ್ಟ್ರಿಬ್ಯೂಟರ್ ಇಡೀ ಒಂದು ಕಾರನ್ನು ಕೊಂದಿತು.

ನಮ್ಮ ಕಾರ್ಖಾನೆಗಳೂ ಇಂಥ ಮದುವೆಗಳನ್ನು ಮಾಡಿಸಿವೆ, ಜಾತಕ ನೋಡದೆ. 1984ರ ಹಿಂದುಸ್ತಾನ್ ಕಾಂಟೆಸಾ ನೋಡಲು ಎಷ್ಟು ಗತ್ತು! ವಾಕ್ಸ್‌ಹಾಲ್ ವಿಕ್ಟರ್‌ನ ಉದ್ದನೆಯ ಬಾನೆಟ್ಟು. ಎತ್ತಿ ನೋಡಿದರೆ ಅದೇ 1489 ಸಿಸಿಯ ಅಂಬಾಸಿಡರ್ ಎಂಜಿನ್, ಸುತ್ತ ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಖಾಲಿ ಜಾಗ. ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಮತ್ತು ಐದು ಗೇರು ಬಂದ ಮೇಲೆಯೇ ಆ ಮೈಗೆ ತಕ್ಕ ನಡೆ ಬಂದದ್ದು. ಪ್ರೀಮಿಯರ್ 118 ಎನ್ಇ ಎಂದರೆ ಇಟಲಿಯ ಫಿಯೆಟ್ 124ರ ಮೈ, ಜಪಾನಿನ ನಿಸ್ಸಾನಿನ 1171 ಸಿಸಿ ಎಂಜಿನ್. ಇದು ಮಾತ್ರ ಒಪ್ಪುವ ಜೋಡಿಯೇ ಆಯಿತು. ಆದರೆ ಎಲ್ಲಕ್ಕಿಂತ ವಿಚಿತ್ರ ಮದರಾಸಿನ ಸ್ಟ್ಯಾಂಡರ್ಡ್ 2000. 1985ರಲ್ಲಿ ಬಂದ ಈ ಕಾರಿನ ಮೈ ಬ್ರಿಟನ್ನಿನ ರೋವರ್ ಎಸ್‌ಡಿ1 ಕಾರಿನದು. ಅಲ್ಲಿ ಆ ಕಾರಿಗೆ ನಾನು ಆಗಲೇ ಹೇಳಿದ ಅಲ್ಯುಮಿನಿಯಂ ವಿ8 ಇತ್ತು. ಇಲ್ಲಿ? ನಲವತ್ತರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ವಂಶದ 1991 ಸಿಸಿ ಎಂಜಿನ್. ಇದೇ ವಂಶದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ ಹೊಲ ಉತ್ತಿತ್ತು, 1953ರ ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿನಲ್ಲಿ ರೇಸ್ ಗೆದ್ದಿತ್ತು. ಎರಡೂ ಕಡೆ ಸೈ ಎನಿಸಿಕೊಂಡ ಎಂಜಿನ್ ಮೂರನೆಯ ಕಡೆ ನಗೆಪಾಟಲಾಯಿತು, ಏಕೆಂದರೆ ರೋವರ್‌ನ ಮೈ ಭಾರ, ಬೆಲೆ ಇನ್ನೂ ಭಾರ. ಮೂರ್ನಾಲ್ಕು ವರ್ಷದಲ್ಲಿ ಆ ಕಾರು ನಿಂತಿತು. ಎಂಜಿನ್ನಿನದೇನೂ ತಪ್ಪಿರಲಿಲ್ಲ.

ಬೆಂಗಳೂರಿನ ಪಾಲಿಗೂ ಒಂದು ಇದೆ. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲು ಎಂಜಿನ್ ತಯಾರಿಸುತ್ತಿದ್ದ ಸ್ಯಾನ್ ಎಂಜಿನಿಯರಿಂಗ್ ಆ್ಯಂಡ್ ಲೋಕೊಮೋಟಿವ್ ಕಂಪನಿಯ ಬಳಗ ತೊಂಬತ್ತರ ದಶಕದ ಕೊನೆಯಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಫೈಬರ್ ಗ್ಲಾಸ್ ಕಾರು ಕಟ್ಟಿತು. ಒಳಗೆ ರೆನೊ ಕಂಪನಿಯ 1149 ಸಿಸಿ ಎಂಜಿನ್. ಹಗುರ ಮೈಗೆ ಅರವತ್ತರಷ್ಟು ಅಶ್ವಶಕ್ತಿ ಧಾರಾಳ. ತಕ್ಕಡಿಯೂ ಸರಿ, ಜಾಗವೂ ಸರಿ. ಆದರೆ ರೆನೊ ಆಗ ಈ ದೇಶದಲ್ಲಿ ಕಾರು ಮಾರುತ್ತಲೇ ಇರಲಿಲ್ಲ. ವಾಟರ್ ಪಂಪಿನ ಪ್ರಶ್ನೆಗೆ ಉತ್ತರವಿಲ್ಲದ ಎಂಜಿನ್ ಅದು.

ದೊಮ್ಮಲೂರಿನ ಮೇಲ್ಸೇತುವೆ ಇಳಿದು ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ, ಕಾರಿನ ಮಾತು ಸಣ್ಣದಾಗಿ ಕಾಣುವಂಥ ಎಂಜಿನ್ ಕತೆಯೊಂದು ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಎಚ್‌ಎಫ್-24 ಮಾರುತ್, ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ಇಲ್ಲಿಯ ಎಂಜಿನಿಯರುಗಳ ಜತೆ ಕೂತು ಅದರ ಮೈಯನ್ನು ಶಬ್ದಕ್ಕಿಂತ ಬಹಳ ವೇಗವಾಗಿ ಹಾರಲೆಂದೇ ಕಡೆದಿತ್ತು. ಲೆಕ್ಕ ಹಾಕಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ, ಆಫ್ಟರ್‌ಬರ್ನರ್ ಇರುವ ಎಂಜಿನ್ನನ್ನು ನಂಬಿ. ಆ ಎಂಜಿನ್ ಬರಲೇ ಇಲ್ಲ. ಅದೇ ಕುಟುಂಬದ, ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಜೋಡಿಯನ್ನೇ ಕೂರಿಸಿ 1961ರ ಜೂನ್ 17ರಂದು ಹಾರಿಸಿದರು. ಬೇರೆ ಎಂಜಿನ್ನಿಗೆ ಹುಡುಕಾಟ ನಿಲ್ಲಲಿಲ್ಲ. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ನನ್ನು ಒಂದು ಬದಿಗೆ, ಆರ್ಫಿಯಸ್ಸನ್ನು ಇನ್ನೊಂದು ಬದಿಗೆ ಕಟ್ಟಿ ಒಂದು ಮಾರುತ್ ಅಲ್ಲಿ ಹಾರಿತು ಕೂಡ. ಅದೂ ಫಲ ಕೊಡಲಿಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ನೆಲದ ಗುರಿಗಳ ಮೇಲೆ ಒಳ್ಳೆಯ ಕೆಲಸವನ್ನೂ ಮಾಡಿದವು, ಆದರೆ ಮೈ ಬೇಡುತ್ತಿದ್ದ ವೇಗ ಅವಕ್ಕೆ ಕೊನೆಯವರೆಗೂ ದಕ್ಕಲಿಲ್ಲ. ಬಹುಶಃ ಆ ನೆನಪಿಗೇ ಇರಬೇಕು, ಮುಂದೆ ತೇಜಸ್ ಯುದ್ಧವಿಮಾನ ಕಟ್ಟುವಾಗ ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯ ಕಾವೇರಿ ಎಂಜಿನ್ ಸಿದ್ಧವಾಗುವವರೆಗೆ ಯಾರೂ ಕಾಯಲಿಲ್ಲ. 2001ರ ಜನವರಿ 4ರಂದು ಇದೇ ಎಚ್‌ಎಎಲ್ ರನ್‌ವೇಯಿಂದ ತೇಜಸ್ ಎದ್ದದ್ದು ಅಮೆರಿಕದ ಜಿಇ ಎಫ್404 ಎಂಜಿನ್ ಬಲದಲ್ಲಿ. ಕೈಗೆ ಸಿಗುವ ಎಂಜಿನ್ನಿನ ಸುತ್ತ ಕಟ್ಟುವುದೇ ಮೇಲು ಎಂಬ ಗ್ಯಾರೇಜ್ ಬುದ್ಧಿಯನ್ನು ವಿಮಾನದವರೂ ಒಪ್ಪಿದಂತೆ ನನಗೆ ಕಾಣುತ್ತದೆ.

ಮತ್ತೆ ಗ್ಯಾರೇಜಿಗೆ. ಚೈನ್ ಬ್ಲಾಕಿನಲ್ಲಿ ತೂಗಿಬಿಟ್ಟ ಎಂಜಿನ್ನನ್ನು ಇಳಿಸುವುದು ಒಂದು ಮಧ್ಯಾಹ್ನದ ಕೆಲಸ. ಅದರ ಸುತ್ತಲಿನದ್ದನ್ನು ಹೊಂದಿಸುವುದೇ ತಿಂಗಳುಗಳ ಕೆಲಸ. ಹಳೇ ಗೇರ್‌ಬಾಕ್ಸಿಗೆ ಹೊಸ ಎಂಜಿನ್ ಕೂಡಬೇಕಾದರೆ ನಡುವೆ ಒಂದು ದಪ್ಪ ತಗಡನ್ನು ಲೇತಿನಲ್ಲಿ ಕಡೆಯಿಸಬೇಕು. ಅದು ಒಂದಿಷ್ಟು ಓರೆಯಾದರೂ ಕ್ಲಚ್ಚು ನಡುಗುತ್ತದೆ, ಗೇರ್‌ಬಾಕ್ಸಿನ ಬೇರಿಂಗ್ ಊಳಿಡುತ್ತದೆ. ಹೊಸ ಗೇರ್‌ಬಾಕ್ಸೂ ಬೇಕೆಂದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕು, ಗೇರ್ ರಾಡು ಎಲ್ಲಿ ಮೇಲೆ ಬರುತ್ತದೆಂದು ಮೊದಲೇ ಅಳೆದುಕೊಳ್ಳಬೇಕು. ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ ಅನುಪಾತ ಹೊಸ ಎಂಜಿನ್ನಿನ ಸ್ವಭಾವಕ್ಕೆ ಕೂಡದಿದ್ದರೆ ಮೂರನೇ ಗೇರಿನಲ್ಲಿ ಕಿರುಚಾಟ, ನಾಲ್ಕರಲ್ಲಿ ಏದುಸಿರು. ಇಸುಜು 1.8ರ ಆಸೆ ಇರುವವರಿಗೆ ಇದೆಲ್ಲವೂ ಕಾದಿದೆ. ಬ್ರೇಕಿನ ವಿಷಯವಂತೂ ಮರೆಯುವವರೇ ಹೆಚ್ಚು. ಮೊದಲ ಎಂ.ಜಿ.ಎ.ಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. 1959ರಲ್ಲಿ ಎಂಜಿನ್ನನ್ನು 1588 ಸಿಸಿಗೆ ಏರಿಸಿದಾಗ ಕಂಪನಿಯೇ ಮುಂದಿನ ಚಕ್ರಗಳಿಗೆ ಡಿಸ್ಕ್ ಕೊಟ್ಟಿತು. ಕೇವಲ 99 ಸಿಸಿ ಏರಿಕೆಗೆ!

ಬೆಂಗಳೂರಿನಲ್ಲಿ ಹೊಸ ಎಂಜಿನ್ನಿನ ನಿಜವಾದ ಪರೀಕ್ಷೆ ಇನ್ನರ್ ರಿಂಗ್ ರೋಡ್ ಸೇರುವ ದೊಮ್ಮಲೂರು ಸಿಗ್ನಲ್ಲಿನಲ್ಲಿ, ಏಪ್ರಿಲ್ ಸಂಜೆಯ ಆರು ಗಂಟೆಗೆ. ಎಂಜಿನ್ ದೊಡ್ಡದಾದಷ್ಟೂ ಶಾಖ ಹೆಚ್ಚು. ಮುಂದಿನ ಜಾಲರಿ ಮಾತ್ರ 1955ರದ್ದೇ. ಓಡುವಾಗ ಗಾಳಿ ತಂಪು ಮಾಡುತ್ತದೆ, ನಿಂತಾಗ ಮಾಡುವವರು ಯಾರು? ಹೀಗಾಗಿ ಬುದ್ಧಿವಂತರು ರೇಡಿಯೇಟರಿಗೆ ಇನ್ನೊಂದು ಸಾಲು ಕೋರ್ ಹಾಕಿಸುತ್ತಾರೆ, ಕರೆಂಟ್ ಫ್ಯಾನ್ ಕಟ್ಟುತ್ತಾರೆ. ಹಳೇ ಕಬ್ಬಿಣದ ಎಂಜಿನ್ನನ್ನೇ ಉಳಿಸಿಕೊಂಡವರಿಗೂ ಎರಡು ಖರ್ಚು ತಪ್ಪದು: ಸೀಸವಿಲ್ಲದ ಪೆಟ್ರೋಲಿಗೆ ತಡೆಯುವ ಗಟ್ಟಿ ವಾಲ್ವ್ ಸೀಟು, ಬಂಕಿನಲ್ಲಿ ಈಗ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲಿಗೆ ಕರಗದ ರಬ್ಬರ್ ಪೈಪು.

ಕಾಗದದ ಕೆಲಸ ಇವೆಲ್ಲಕ್ಕಿಂತ ಕಠಿಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಬೇಕು. ಗುಜರಿಯಿಂದ ತಂದ ಎಂಜಿನ್ನಿಗೆ ಬಿಲ್ಲು, ಅದು ಯಾವ ಕಾರಿನಿಂದ ಬಂತೆಂಬ ದಾಖಲೆ ಇಲ್ಲದಿದ್ದರೆ ಕೆಎ-03 ಆಗಲಿ ಕೆಎ-53 ಆಗಲಿ, ಕೌಂಟರಿನಲ್ಲಿ ಕತೆ ಮುಂದುವರಿಯುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು ಇನ್ನೊಂದು ಗಂಟು ಹಾಕಿದವು. 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ಸಿಗುತ್ತದೆ, ಹತ್ತು ವರ್ಷಕ್ಕೆ, 20,000 ರೂಪಾಯಿ ಶುಲ್ಕಕ್ಕೆ. ಆದರೆ ಚಾಸಿ, ಮೈ, ಎಂಜಿನ್ ಮೂಲರೂಪದಲ್ಲಿರಬೇಕು, ದಿನಬಳಕೆಗೆ ಓಡಿಸಬಾರದು. ಹಿಂದೆ ಕಾರನ್ನು ಜೀವಂತ ಇಟ್ಟದ್ದೇ ಎಂಜಿನ್ ಬದಲಾವಣೆ. ಈಗ ಆ ಬದಲಾವಣೆಯೇ ಕಾರಿನ ಪಟ್ಟ ಕಸಿಯುತ್ತದೆ. ಇದರಲ್ಲಿ ಒಂದು ವ್ಯಂಗ್ಯವೂ ಉಂಟು. ಅದೇ 52ನೇ ಕಲಮು ಬ್ಯಾಟರಿ, ಸಿಎನ್‌ಜಿಯಂಥ ಬೇರೆ ಇಂಧನಕ್ಕೆ ಬದಲಾಗಲು ಷರತ್ತಿನ ಮೇಲೆ ದಾರಿ ಬಿಟ್ಟಿದೆ. ಅಂದರೆ ಹಳೇ ಕಾರಿನಿಂದ ಎಂಜಿನ್ನನ್ನೇ ಕಿತ್ತೆಸೆದು ಮಾನ್ಯತೆ ಪಡೆದ ಮೋಟಾರು ಹಾಕುವುದಕ್ಕೆ ಕಾನೂನಿನಲ್ಲಿ ಜಾಗವಿದೆ, ಇಸುಜು ಹಾಕುವುದಕ್ಕೆ ಇಲ್ಲದಂತಾಗಿದೆ.

ನನ್ನ ಕೈಗೆ ಎಂಜಿನ್ ಸತ್ತ ಎಂ.ಜಿ.ಎ. ಬಂದರೆ ನಾನು ಹಾಕಿಸುವುದು ಅಂಬಾಸಿಡರ್ ಬ್ಲಾಕನ್ನೇ. ಬಿಲ್ಲಿರುವ ಒಂದನ್ನು ಹುಡುಕಿ, ಆರ್‌ಟಿಒಗೆ ಅರ್ಜಿ ಕೊಟ್ಟು, ಎಂ.ಜಿ.ಯ ಹೆಡ್ಡನ್ನು ಅದರ ಮೇಲೆ ಕೂರಿಸಿ, ಬಿರುಕು ಬಿಟ್ಟ ಮೂಲ ಬ್ಲಾಕಿಗೆ ಗ್ರೀಸ್ ಬಳಿದು ಅಟ್ಟದ ಮೇಲೆ ಇಡುತ್ತೇನೆ. ಯಾವತ್ತಾದರೂ ಒಳ್ಳೆಯ ಕಬ್ಬಿಣದ ಬೆಸುಗೆಯವರು ಸಿಕ್ಕಾರು. ಟ್ಯಾಕೋಮೀಟರ್ ಸೊನ್ನೆಯಲ್ಲಿರಲಿ. ವೇಗ ಸಾಲದು ಎನ್ನುವವರು ಒಮ್ಮೆ ದೊಮ್ಮಲೂರಿನಿಂದ ಹೊರಟು, ಇಂದಿರಾನಗರ ದಾಟಿ, ಕೆ.ಆರ್. ಪುರದ ತೂಗುಸೇತುವೆ ಹತ್ತಿ ಇಳಿದು ನೋಡಲಿ. ಹೊಸಕೋಟೆ ಬರುವವರೆಗೂ 68 ಅಶ್ವಗಳಲ್ಲಿ ಅರ್ಧದಷ್ಟು ಲಾಯದಲ್ಲೇ ನಿಂತಿರುತ್ತವೆ.